ದಂಡೆ ಮೇಲೆ ಕೂತು ಗಾಳ ಹಾಕುವವರಿಗೆ

ಓದುಗರ ಪ್ರಶ್ನೆ, ಕಾಕಾನ ಉತ್ತರ. ಈ ಸಲ ಕೆರೆ-ಹೊಳೆಯ ಮೀನು. ಉತ್ತರಿಸಿದವರು ರಾಣೆಬೆನ್ನೂರಿನ ನಿವೃತ್ತ ಬಸ್ ಕಂಡಕ್ಟರ್.

ಕಾಕಾ, ನಾನು ಹುಬ್ಬಳ್ಳಿಯ ನವನಗರದವನು. ಗಾಳದ ಕೋಲು ಹೊಸದಾಗಿ ತಗೊಂಡಿದ್ದೇನೆ. ಹರಗೋಲಿಲ್ಲ, ಕಾರಿಲ್ಲ, ಬಸ್ಸೇ ಗತಿ. ಉಣಕಲ್ ಕೆರೆ ಹತ್ತಿರವಿದೆ. ಅಲ್ಲೇ ಕೂರಲೋ, ಬೇರೆ ಒಳ್ಳೆಯ ಜಾಗ ಇದ್ದರೆ ಹೆಸರು ಹೇಳುತ್ತೀರೋ?

ಉಣಕಲ್ ಬಿಡ್ರಿ ತಮ್ಮಾ. ವಾಕಿಂಗಿಗೆ ಚಲೋ ಜಾಗ, ಅಷ್ಟೇ. ಊರ ಕೊಳಚೆ ಸೇರಿ ಅಂತರಗಂಗೆ ಹಬ್ಬುವ ನೀರು ಅದು. ಧಾರವಾಡದ ಕೆಲಗೇರಿ ಕೆರೆಗೂ ಅದೇ ಕಾಟ. ಅಲ್ಲಿ ಮೀನು ಇಲ್ಲ ಅಂತಲ್ಲ, ಇದ್ದರೂ ನಾನು ಮನೆಗೆ ತರುವುದಿಲ್ಲ.

ಇನ್ನು ಜಾಗದ ಹೆಸರು. ಹೆಸರು ಹೇಳಿದರೂ ಕೆಲಸ ಆಗೋದಿಲ್ಲ ನೋಡ್ರಿ. ಒಂದೇ ಕೆರೆಯಲ್ಲಿ ಹತ್ತು ಮಾರು ಆಚೆ ಕೂತವನ ಚೀಲ ತುಂಬಿರುತ್ತದೆ, ಈಚೆ ಕೂತವನಿಗೆ ಬರೀ ಸೊಳ್ಳೆ. ಹರಗೋಲಿದ್ದವನು ಮೀನು ಇದ್ದಲ್ಲಿಗೆ ಹೋಗುತ್ತಾನೆ. ದಂಡೆಯವನು ಮೀನು ತಾನಾಗಿ ದಂಡೆಗೆ ಬರುವ ಜಾಗ ಕಂಡುಹಿಡಿಯಬೇಕು. ಅದನ್ನು ಹುಡುಕುವ ಕಾಲ ಏಪ್ರಿಲ್-ಮೇ. ಕೋಲು ಮನೆಯಲ್ಲೇ ಇರಲಿ, ಕೆರೆಗೆ ಬರಿಗೈಲಿ ಹೋಗ್ರಿ.

ಬೇಸಿಗೆಯಲ್ಲಿ ನಮ್ಮ ಕಡೆಯ ಎಷ್ಟೋ ಕೆರೆಗಳ ಹೊಟ್ಟೆ ಬಯಲಿಗೆ ಬೀಳುತ್ತದೆ. ಆಗ ಒಳಗಿಳಿದು ಅಡ್ಡಾಡಿದರೆ ಮಳೆಗಾಲದ ನಂತರ ಕಾಣದ್ದೆಲ್ಲ ಕಾಣುತ್ತದೆ: ಹೊಲಕ್ಕೆ ಗೋಡುಮಣ್ಣು ಹೊಡೆದ ಗುಂಡಿ, ಹಳ್ಳದ ನೀರು ಒಳಬರುವ ಕಾಲುವೆಯ ಗೆರೆ, ಮುಳುಗಿ ಒಣಗಿದ ಜಾಲಿ ಕಂಟಿ, ಎಲ್ಲೋ ಒಂದು ಹಳೆಯ ಬಾವಿ. ಇವುಗಳಲ್ಲಿ ದಂಡೆಯಿಂದ ಗಾಳ ಎಸೆದರೆ ಮುಟ್ಟುವಂಥವು ಯಾವುವು, ಅಷ್ಟನ್ನು ಗುರುತು ಹಾಕಿಕೊಳ್ರಿ. ಗುರುತಿಗೆ ಗೂಟ ನೆಟ್ಟರೆ ದನಗಾಹಿ ಹುಡುಗರು ಕಿತ್ತು ಒಯ್ಯುತ್ತಾರೆ. ಆಚೆ ದಂಡೆಯ ಬೇವಿನಮರ, ಗುಡಿ ಶಿಖರ, ಲೈಟಿನ ಕಂಬ ಇಂಥದ್ದಕ್ಕೆ ನೇರ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಸಾಕು. ದಸರೆ ಹೊತ್ತಿಗೆ ಕೆರೆ ತುಂಬಿ ನೀರು ತಿಳಿಯಾದಾಗ ಆ ಫೋಟೋ ಹಿಡಿದು ಅದೇ ನೇರಕ್ಕೆ ಎಸೆಯಿರಿ.

ಒಡ್ಡಿನ ಬದಿ ಸಾಮಾನ್ಯವಾಗಿ ಆಳ, ಎದುರು ಬದಿ ತೆಳು. ಬಿಸಿಲೇರಿದ ಮೇಲೆ ಮೀನು ಆಳಕ್ಕೆ ಸರಿಯುತ್ತದೆ, ನಸುಕಿನಲ್ಲಿ ಮತ್ತು ಸಂಜೆ ಮೇಯಲು ತೆಳುವಿಗೆ ಬರುತ್ತದೆ. ಗಾಳಿಯ ಲೆಕ್ಕವೂ ಉಂಟು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ತೇಲುವ ಹುಳಹುಪ್ಪಡಿ, ಕಸ ಎಲ್ಲ ಮೂಡಣ ದಂಡೆಗೆ ಸೇರುತ್ತದೆ. ಹಿಂಗಾರು ಬಂತೆಂದರೆ ಮೂಡಗಾಳಿ, ಆಗ ಪಡುವಣ ದಂಡೆಗೆ ಹೋಗ್ರಿ. ಗಾಳಿ ಮುಖಕ್ಕೆ ಹೊಡೆಯುತ್ತದೆ, ಗಾಳ ದೂರ ಹೋಗೋದಿಲ್ಲ. ಹೋಗದಿದ್ದರೂ ನಡೆಯುತ್ತದೆ, ಮೇವು ನಿಮ್ಮ ಕಾಲ ಬುಡದಲ್ಲೇ ಇರುತ್ತದೆ.

ನೀರು ತಿಳಿಯಿದ್ದ ಕಡೆ ತೆಳುವಿನ ತಳ ನೋಡ್ರಿ. ರೊಟ್ಟಿ ಹೆಂಚಿನಷ್ಟು ಅಗಲದ ದುಂಡನೆಯ ತಗ್ಗುಗಳು ಸಾಲಾಗಿ ಕಂಡರೆ ಅವು ಜಿಲೇಬಿ ಮೀನಿನ ಗೂಡು. ಗಂಡುಮೀನು ಬಾಯಿಂದ ಮಣ್ಣು ಎತ್ತಿ ಎತ್ತಿ ಅದನ್ನು ತೋಡಿರುತ್ತದೆ, ಬೇರೆ ಮೀನು ಬಂದರೆ ಅಟ್ಟುತ್ತದೆ. ಹೊಸಬರು ಕೈ ಪಳಗಿಸಲು ಅದಕ್ಕಿಂತ ಚಲೋ ಜಾಗ ಇಲ್ಲ. ನೀರ ಮೇಲೆ ಕೆಂಪನೆಯ ಮರಿಗಳ ಗುಂಪು ಒಂದೇ ಕಡೆ ಮಿಣಮಿಣ ಅನ್ನುತ್ತಿದ್ದರೆ ಮಾತ್ರ ಗಾಳ ಎತ್ತಿಕೊಂಡು ಮುಂದೆ ಹೋಗ್ರಿ. ಕೆಳಗೆ ಕೊರವ ಮೀನು ಮರಿ ಕಾಯುತ್ತಿರುತ್ತದೆ. ಅದನ್ನು ಹಿಡಿದರೆ ಆ ಮರಿಗಳನ್ನು ಸಿಕ್ಕ ಸಿಕ್ಕ ಮೀನೆಲ್ಲ ನುಂಗಿಬಿಡುತ್ತವೆ.

ವರದಾ, ತುಂಗಭದ್ರಾ ಎರಡೂ ನಮಗೆ ಹತ್ತಿರ. ಹೊಳೆಗೂ ಇದೇ ಲೆಕ್ಕವೇ? (ಹಾವೇರಿ)

ಅಲ್ಲ. ವರದೆ ಬೇಸಿಗೆಯಲ್ಲಿ ಹರಿಯುವುದು ನಿಂತು ಮಡುಮಡುವಾಗಿ ಉಳಿಯುತ್ತದೆ. ಆ ಮಡುಗಳ ತಾವು ನೋಡಿಟ್ಟುಕೊಂಡರೆ ನೀರು ಬಂದ ಮೇಲೂ ದೊಡ್ಡ ಮೀನಿನ ಮನೆ ಅದೇ. ಆದರೆ ಮಡು ಆರುವಾಗ ಹಿಡಿಯಬೇಡ್ರಿ. ಮುಂದಿನ ವರ್ಷಕ್ಕೆ ಉಳಿದ ಬೀಜ ಅಷ್ಟೇ ಇರುತ್ತದೆ.

ತುಂಗಭದ್ರೆಯಲ್ಲಿ ನಾನು ನೋಡುವುದು ಸೆಳವು ಮತ್ತು ನಿಂತ ನೀರು ಕೂಡುವ ಗೆರೆಯನ್ನು. ಬಂಡೆಯ ಹಿಂದೆ, ಹಳ್ಳ ಬಂದು ಸೇರುವ ಬಾಯಲ್ಲಿ, ತಿರುವಿನ ಒಳಮೈಯಲ್ಲಿ ನೊರೆ ನಿಧಾನಕ್ಕೆ ಸುತ್ತುತ್ತಿರುತ್ತದೆ. ಮೀನು ಸುಮ್ಮನೆ ನಿಂತ ನೀರಿನಲ್ಲಿದ್ದು ಸೆಳವಿನಲ್ಲಿ ಬರುವ ಮೇವಿಗೆ ಬಾಯಿ ಹಾಕುತ್ತದೆ. ಗಳಗನಾಥದಲ್ಲಿ ವರದೆ ತುಂಗಭದ್ರೆಗೆ ಸೇರುವ ಕಡೆ ನಿಂತು ನೋಡ್ರಿ, ಮಳೆಗಾಲದಲ್ಲಿ ಎರಡು ಬಣ್ಣದ ನೀರಿನ ಗೆರೆ ಕಣ್ಣಿಗೇ ಕಾಣುತ್ತದೆ. ಅಲ್ಲಾಗಲಿ, ಚೌಡದಾನಪುರದಲ್ಲಾಗಲಿ ಗುಡಿಯ ಮುಂದಿನ ಮೆಟ್ಟಿಲ ಮೇಲೆ ಮಾತ್ರ ಕೋಲು ಬಿಚ್ಚಬೇಡ್ರಿ. ಜನ ಮೀಯುವ ಜಾಗ, ಗಾಳ ಯಾರ ಕಾಲಿಗೋ ಚುಚ್ಚುತ್ತದೆ. ಒಂದು ಫರ್ಲಾಂಗು ಕೆಳಗೆ ನಡೆದು ಹೋದರೆ ಯಾರ ತಕರಾರೂ ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತುಂಗಭದ್ರೆಯ ದಂಡೆಯುದ್ದಕ್ಕೂ ಮರಳು ತೆಗೆದ ಗುಂಡಿಗಳಿವೆ. ಮೊಣಕಾಲುದ್ದ ನೀರು ಅಂತ ಇಟ್ಟ ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು ಆಳ. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗಿಳಿಯಬೇಡ್ರಿ, ತಂಗೂಸಿ (ಗಾಳದ ನೈಲಾನ್ ದಾರ) ಕತ್ತರಿಸಿ ಬಿಡ್ರಿ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಹೋದರೂ ಗೇಟಿನ ಕೆಳಗಡೆ ಕೂರಬೇಡ್ರಿ.

ಗದಗಿನವನು ನಾನು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಚಳಿಗಾಲದಲ್ಲಿ ಗಾಳ ಹಾಕಬಹುದೇ?

ಬೇಡ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆ ಅದು. ಸಂರಕ್ಷಿತ ತಾಣ, 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ದುರ್ಬೀನು ತಗೊಂಡು ಹೋಗ್ರಿ. ಗಾಳಕ್ಕೆ ಗದಗಿನಿಂದ ರೈಲು ಹತ್ತಿ ಹೊಳೆಆಲೂರಿಗೆ ಹೋಗ್ರಿ, ಮಲಪ್ರಭೆ ಊರ ಮಗ್ಗುಲಲ್ಲೇ ಇದೆ. ಮೇಲುಗಡೆ ಜೋರು ಮಳೆ ಆದ ದಿನ ಮಾತ್ರ ಆ ಕಡೆ ಸುಳಿಯಬೇಡ್ರಿ. ಮಲಪ್ರಭೆಗೆ ಬಂದು ಸೇರುವ ಬೆಣ್ಣಿಹಳ್ಳ ಹೇಳದೆ ಕೇಳದೆ ಏರುತ್ತದೆ.

ಊರ ಕೆರೆಯಲ್ಲಿ ಗಾಳ ಹಾಕಲು ಯಾರನ್ನು ಕೇಳಬೇಕು? ಒಬ್ಬರು ಬಂದು ಬೈದು ಕಳಿಸಿದರು. ನೀರು ಸರ್ಕಾರದ್ದಲ್ಲವೇ? (ಹಾನಗಲ್)

ನೀರು ಸರ್ಕಾರದ್ದು, ಮೀನು ಅವರದ್ದು. ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯಲ್ಲಿ ಮರಿ ಮಾಡುವ ಮೀನು, ನಿಂತ ಕೆರೆಯಲ್ಲಿ ಮಾಡುವುದಿಲ್ಲ. ಅದಕ್ಕೇ ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘದವರು ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾರೆ. ಬೈದದ್ದರಲ್ಲಿ ತಪ್ಪೇನಿದೆ? ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಕೇಳ್ರಿ, ದೊಡ್ಡ ಕೆರೆಯಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ, ಗುತ್ತಿಗೆ ಯಾರದ್ದೆಂದು ತಿಳಿಯುತ್ತದೆ. ಅವರ ಹತ್ತಿರ ಹೋಗಿ "ಅಣ್ಣಾ, ಒಂದು ಕೋಲು, ಸಂಜೆ ತನಕ, ಏನು ಕೊಡಲಿ?" ಅನ್ರಿ. ಹಲವರು ಚಾ ಕುಡಿಸಿ ಕೂರಿಸುತ್ತಾರೆ, ಯಾವ ಮೂಲೆಯಲ್ಲಿ ಮೀನು ಆಡುತ್ತದೆ ಅಂತಲೂ ಹೇಳುತ್ತಾರೆ. ದಿನಾ ಬಲೆ ಎಳೆಯುವವನಿಗೆ ಗೊತ್ತಿರುವಷ್ಟು ಯಾವ ಮೊಬೈಲಿಗೂ ಗೊತ್ತಿಲ್ಲ. ಮದ್ದು ಸಿಡಿಸಿ, ವಿಷ ಹಾಕಿ ಹಿಡಿಯುವವರ ಜೊತೆ ಮಾತ್ರ ಸೇರಬೇಡ್ರಿ. ಅದು ಕಾನೂನಿಗೆ ವಿರುದ್ಧ.

ಗಾಳಕ್ಕೆ ಏನು ಚುಚ್ಚಲಿ? (ಬ್ಯಾಡಗಿ)

ಎರೆಹುಳು ಎಲ್ಲದಕ್ಕೂ ನಡೆಯುತ್ತದೆ. ರೋಹು, ಮೃಗಾಲಿಗೆ ಶೇಂಗಾ ಹಿಂಡಿ ಪುಡಿ ಮಾಡಿ ಜೋಳದ ಹಿಟ್ಟಿನ ಜೊತೆ ಗಟ್ಟಿ ನಾದ್ರಿ. ಕಾಟ್ಲಾ ಮೇಲ್ಗಡೆ ಮೇಯುತ್ತದೆ, ಮೃಗಾಲ್ ತಳದಲ್ಲಿ, ರೋಹು ನಡುವೆ. ಗಾಳ ಎಷ್ಟು ಆಳ ಇರಬೇಕು ಅನ್ನುವುದು ಅದರ ಮೇಲೆ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಮುಳುಗುವುದನ್ನೇ ಕಾಯುತ್ತ ಕೂರಬೇಡ್ರಿ. ತಳದ ಮೀನು ಹಿಟ್ಟಿನ ಜೊತೆ ಭಾರಕ್ಕೆ ಕಟ್ಟಿದ ಸೀಸವನ್ನೂ ಎತ್ತಿದಾಗ ನೆಟ್ಟಗೆ ನಿಂತಿದ್ದ ಬೆಂಡು ಮೇಲೆದ್ದು ಅಡ್ಡ ಬೀಳುತ್ತದೆ. ಕೋಲು ಎಳೆಯುವ ಹೊತ್ತು ಅದೇ.

ಹನ್ನೊಂದು ವರ್ಷದ ಮಗ ಗಾಳದ ಹುಚ್ಚು ಹಿಡಿಸಿಕೊಂಡಿದ್ದಾನೆ. ಮನೆ ಪಕ್ಕದ ಹೊಲದಲ್ಲಿ ಕೃಷಿ ಹೊಂಡ ಇದೆ, ಅಲ್ಲಿಗೆ ಕಳಿಸಲೇ? (ಸವಣೂರು)

ಕೃಷಿ ಹೊಂಡಕ್ಕೆ ಮಾತ್ರ ಬೇಡ ತಂಗಿ. ಪ್ಲಾಸ್ಟಿಕ್ ಹಾಸಿದ ಇಳಿಜಾರು, ಒಮ್ಮೆ ಜಾರಿದರೆ ಈಜು ಬರುವ ದೊಡ್ಡವರಿಗೂ ಮೇಲೆ ಹತ್ತಲಾಗುವುದಿಲ್ಲ. ಕೆರೆಯ ತೆಳು ಬದಿಗೆ ನೀವೋ ಅವರಪ್ಪನೋ ಜೊತೆಗೆ ಹೋಗ್ರಿ, ಹುಡುಗನಿಗೆ ಲೈಫ್ ಜಾಕೆಟ್ ಹಾಕ್ರಿ. ಗಾಳದ ಮೊನೆಯ ಹಿಂದೆ ಇರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಟ್ಟರೆ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಹೊರಬರುತ್ತದೆ. ತುಂಡಾದ ತಂಗೂಸಿಯನ್ನು ಸುತ್ತಿ ಕಿಸೆಗೆ ಹಾಕಿಕೊಳ್ಳುವುದನ್ನು ಈಗಲೇ ರೂಢಿ ಮಾಡಿಸ್ರಿ, ದಂಡೆಯಲ್ಲಿ ಬಿಟ್ಟರೆ ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.