ಬಸುರಿಗೆ ಬಂದ ಜ್ವರ

ಬ್ಯಾಡಗಿಯ ಓದುಗರೊಬ್ಬರ ಪತ್ರದ ಸಾರ: ಮನೆಯ ನಾಲ್ವರಿಗೂ ಹಂದಿಜ್ವರವೆನ್ನುವ ಫ್ಲೂ, ಅಂದರೆ ಎಚ್‌1ಎನ್‌1 ಜ್ವರ ಬಂತು. ಮೂವರು ಬೇಗ ಚೇತರಿಸಿಕೊಂಡರು. ಎಂಟು ತಿಂಗಳ ಬಸುರಿಯಾಗಿದ್ದ ನನ್ನ ತಂಗಿಯನ್ನು ಮಾತ್ರ ಐದನೆಯ ದಿನ ಹುಬ್ಬಳ್ಳಿಯ ಐಸಿಯುಗೆ ಸೇರಿಸಬೇಕಾಯಿತು. ‘ನಿಮ್ಮ ಹುಡುಗಿಯ ದೇಹವೇ ಗಟ್ಟಿಯಿಲ್ಲ’ ಎಂದು ಬೀಗರು ಇಂದಿಗೂ ಆಡಿಕೊಳ್ಳುತ್ತಾರೆ. ತಂಗಿಯ ನೆಗೆಣ್ಣಿಗೂ ಈಗ ನಾಲ್ಕು ತಿಂಗಳು. ಏನು ಮಾಡಬೇಕು?

ಸಹೋದರಿ,

ತಾಯಿ, ಕೂಸು ಇಬ್ಬರೂ ಮನೆಗೆ ಬಂದಿದ್ದಾರೆಂದು ಓದಿ ನಿರಾಳವಾಯಿತು. ಬೀಗರ ಮಾತು ತಪ್ಪು. ನಿಮ್ಮ ತಂಗಿ ಅದನ್ನು ನಂಬಿಕೊಂಡು ಕೊರಗಬಾರದು.

ದಿನ ತುಂಬುತ್ತಾ ಬಂದಂತೆ ಗರ್ಭಕೋಶ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಶೇ 20ರಷ್ಟು ತಗ್ಗುತ್ತದೆ; ದೇಹಕ್ಕೆ ಬೇಕಾದ ಆಮ್ಲಜನಕ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಹೃದಯದ ದುಡಿಮೆಯೂ ಹೆಚ್ಚಿರುತ್ತದೆ. ಹೀಗೆ ಮೊದಲೇ ಇಬ್ಬರಿಗಾಗಿ ದುಡಿಯುತ್ತಿರುವ ದೇಹದ ಶ್ವಾಸಕೋಶಕ್ಕೆ ವೈರಾಣು ಇಳಿದರೆ, ಉಳಿದವರಿಗೆ ಕೆಮ್ಮಿನಲ್ಲಿ ಮುಗಿಯುವ ಕಾಯಿಲೆ ಬಸುರಿಗೆ ನ್ಯುಮೋನಿಯಾ ಆಗಬಹುದು. 2009ರಲ್ಲಿ ಇದೇ ಜ್ವರ ಹರಡಿದಾಗ ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಶೇ 1ರಷ್ಟಿದ್ದರು, ಸತ್ತವರಲ್ಲಿ ಶೇ 5ರಷ್ಟು. ಉಬ್ಬಸ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅತಿ ತೂಕ ಇದ್ದರೆ ಅಪಾಯ ಇನ್ನೂ ಹೆಚ್ಚು. ರಕ್ತಹೀನತೆಯೂ ಕಷ್ಟವನ್ನು ಹೆಚ್ಚಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ಅದಿದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಐದನೆಯ ದಿನ’ ಎಂಬ ಮಾತು. ಮೊದಲ ದಿನ ‘ಬಸುರಿಯ ಮೈ ಬಿಸಿಯೇ ಇರುತ್ತದೆ’ ಎಂದರು, ಆಮೇಲೆ ಓಣಿಯ ವೈದ್ಯರ ಇಂಜೆಕ್ಷನ್, ಆಮೇಲೆ ಊರಿಗೆ ಹೋಗಿದ್ದ ಗಂಡ ಬರಲಿ ಎಂದು ಕಾದದ್ದು. ಈ ಜ್ವರಕ್ಕೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ, ಗರ್ಭಿಣಿಯರಿಗೂ ಕೊಡುತ್ತಾರೆ. ಮೊದಲ 48 ಗಂಟೆಯೊಳಗೆ ಶುರುವಾದರೆ ಅದರ ಗುಣ ಹೆಚ್ಚು, ಪರೀಕ್ಷೆಯ ವರದಿಗೂ ಕಾಯಬೇಕಿಲ್ಲ. ಆ ಎರಡು ದಿನ ನಿಮ್ಮ ಮನೆಯಲ್ಲಿ ಅನುಮತಿಗಾಗಿ ಕಾಯುವುದರಲ್ಲಿ ಹೋಯಿತು. ಜ್ವರವಿದ್ದೂ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿದ್ದಳೆಂದೂ ಬರೆದಿದ್ದೀರಿ. ಕೂಲಿ ತಪ್ಪೀತೆಂಬ ಭಯ, ಕೈಯಲ್ಲಿ ದುಡ್ಡಿಲ್ಲದಿರುವುದು, ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವುದು, ಆಸ್ಪತ್ರೆಗೆ ಹೋಗೋಣವೆಂದು ಸೊಸೆ ತಾನಾಗಿ ಹೇಳಲಾಗದಿರುವುದು: ಇವನ್ನೂ ನಾನು ಕಾಯಿಲೆಯ ಕಾರಣಗಳೆಂದೇ ಎಣಿಸುತ್ತೇನೆ.

ಚಿಕಿತ್ಸೆ ಉಚಿತವಾಗಿರುವ ಬ್ರಿಟನ್ನಿನಲ್ಲೂ ಹೀಗಾಗಿದೆ. 2020ರ ಕೋವಿಡ್ ಮೊದಲ ಅಲೆಯಲ್ಲಿ ಆಸ್ಪತ್ರೆ ಸೇರಿದ 427 ಗರ್ಭಿಣಿಯರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಮತ್ತಿತರ ಅಲ್ಪಸಂಖ್ಯಾತ ಜನಾಂಗದವರು. ವಯಸ್ಸು, ತೂಕ, ಹಳೆಯ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅವರಿಗೂ ಬಿಳಿಯ ಗರ್ಭಿಣಿಯರಿಗೂ ನಡುವಿನ ಅಂತರ ಉಳಿಯಿತು.

ನಮ್ಮ ಭಾಗಕ್ಕೆ ಇನ್ನೊಂದು ಮಾತು ಸೇರಿಸಬೇಕು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳದ ನೀರು ಹಲವು ದಿನಗಳಿಗೊಮ್ಮೆ ಬರುತ್ತದೆ. ತುಂಬಿಟ್ಟ ನೀರನ್ನು ಮುಚ್ಚದಿದ್ದರೆ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಕೊಳಚೆ ಬೆರೆತ ನೀರಿನಿಂದ ಹೆಪಟೈಟಿಸ್ ಇ ಎಂಬ ಕಾಮಾಲೆ ಬರುತ್ತದೆ, ಅದು ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ಬಹಳ ಮಾರಕ. ಕುಡಿಯುವ ನೀರನ್ನು ಕುದಿಸಲೇಬೇಕು.

ಇನ್ನು ನೆಗೆಣ್ಣಿಯ ವಿಷಯ. ಫ್ಲೂ ಲಸಿಕೆಯನ್ನು ಗರ್ಭಾವಸ್ಥೆಯ ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಹುಟ್ಟುವ ಕೂಸಿಗೂ ಮೊದಲ ಕೆಲವು ತಿಂಗಳು ಅದರ ರಕ್ಷಣೆ ಸಿಗುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ತಾಯಿ ಕಾರ್ಡ್ ಹಿಡಿದು ಹೋಗಿ ಲಸಿಕೆಯ ಬಗ್ಗೆ ಕೇಳಲಿ, ಹಿಮೋಗ್ಲೋಬಿನ್ ನೋಡಿಸಲಿ. ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಅಂಗಡಿಯ ನೋವಿನ ಮಾತ್ರೆ ತಾವಾಗಿ ನುಂಗುವುದು ಬೇಡ. ಉಸಿರು ಕಟ್ಟಿದರೆ, ಎದೆ ನೋವಾದರೆ, ಮಂಪರು ಕವಿದರೆ, ಮೂತ್ರ ಕಡಿಮೆಯಾದರೆ, ಕೂಸಿನ ಅಲುಗಾಟ ತಗ್ಗಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಆ ಕರೆ ಮಾಡಲು ಯಾರ ಒಪ್ಪಿಗೆಯೂ ಬೇಕಿಲ್ಲವೆಂದು ಅತ್ತೆಯವರ ಎದುರಿಗೇ ಈಗಲೇ ಮಾತಾಡಿಕೊಳ್ಳಿ. ಕಷ್ಟವೆನಿಸಿದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂರಿಸಿಕೊಳ್ಳಿ.

— ಸಂಪಾದಕ