ಕುದುರೆಮುಖದ ಗಣಿಬೆಟ್ಟಕ್ಕೆ ಯಾವ ಹಸಿರು?

ಪ್ರಶ್ನೆ: ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಗಣಿ ಅಗೆದು ಬಿಟ್ಟ ಇಳಿಜಾರಿನಲ್ಲಿ ನೇರವಾಗಿ ಮರ ನೆಡಬಾರದೇ? ಅಕೇಶಿಯಾ ಬೇಗ ಬೆಳೆಯುತ್ತದಲ್ಲ?

ಉತ್ತರ: ಬೇಗ ಬೆಳೆಯುವುದೇ ತೊಂದರೆ. ಅಕೇಶಿಯಾದ ದಪ್ಪ ತರಗು, ನೆರಳಿನ ಕೆಳಗೆ ಹುಲ್ಲು ಏಳುವುದಿಲ್ಲ. ಅದರ ಬೀಜ ಪಕ್ಕದ ಹುಲ್ಲುಗಾವಲಿಗೂ ಹೋಗುತ್ತದೆ. ಅಲ್ಲಿನ ನೆತ್ತಿ, ಇಳಿಜಾರುಗಳು ಮೂಲತಃ ಹುಲ್ಲಿನವು. ಶೋಲಾ ಕಾಡು, ಅಂದರೆ ಎತ್ತರದ ಬೆಟ್ಟಗಳ ಕುಳ್ಳ ನಿತ್ಯಹಸಿರು ಕಾಡು, ಇರುವುದು ಕಣಿವೆಯ ಮಡಿಲಲ್ಲಿ. ಇದನ್ನು ಮರೆತು ಹಸಿರು ಮಾಡಿದರೆ ಬೆಟ್ಟಕ್ಕೆ ಎರಡನೇ ಸಲ ಅನ್ಯಾಯ.

ಗಣಿ ಅಗೆದ ಮೆಟ್ಟಿಲಲ್ಲಿ ಮೇಲ್ಮಣ್ಣಿಲ್ಲ. ಸಾವಯವ ಅಂಶ, ಸಾರಜನಕ ತೀರಾ ಕಡಿಮೆ. ಇರುವ ರಂಜಕವನ್ನೂ ಕಬ್ಬಿಣ ಹಿಡಿದಿಡುತ್ತದೆ. ಹಾಗಾಗಿ ಬರೀ ರಾಸಾಯನಿಕ ಗೊಬ್ಬರ ಚೆಲ್ಲಿದರೆ ಅರ್ಧ ಮಳೆಗೆ ಹೋಗುತ್ತದೆ, ಅರ್ಧ ಮಣ್ಣಲ್ಲೇ ಸಿಕ್ಕಿಬೀಳುತ್ತದೆ. ಅದಿರು ಬೇರ್ಪಡಿಸಿ ಉಳಿದ ಕೆಸರನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟೆಯ ಹಿಂದಿನ ನುಣುಪು ಹೂಳಿನ ಕಥೆ ಬೇರೆ: ಒಣಗಿದಾಗ ಹೆಪ್ಪುಗಟ್ಟುತ್ತದೆ, ಮೊಳಕೆ ಅದನ್ನು ಸೀಳಲಾರದು.

ಮೇ ತಿಂಗಳಲ್ಲೇ ಸಮಪಾತಳಿಯಲ್ಲಿ ಅಡ್ಡ ಚರಂಡಿ ತೆಗೆದು, ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯಬೇಕು. ಮೊದಲ ಮಳೆ ಬಿದ್ದು ನೆಲ ನೆನೆದ ಕೂಡಲೇ ಸ್ಥಳೀಯ ಕರಡ ಹುಲ್ಲಿನ ಬುಡಗಳನ್ನು ಅಡಿಗೊಂದರಂತೆ, ಪ್ರತಿ ಗುಣಿಗೆ ಎರಡು ಹಿಡಿ ಕಾಂಪೋಸ್ಟ್ ಹಾಕಿ ನೆಡಿ. ಬೀಜ ಚೆಲ್ಲಿದರೆ ಜುಲೈ ಮಳೆ ಅದನ್ನು ಭದ್ರಾ ನದಿಗೆ ಒಯ್ಯುತ್ತದೆ. ಕೊರಕಲಿಗೆ ಲಾವಂಚದ ಸಾಲು. ಎರಡು-ಮೂರು ಮಳೆಗಾಲದ ನಂತರ ಆಮ್ಲೀಯ ಮಣ್ಣನ್ನು ಸಹಿಸುವ ನೆಕ್ಕರಿಕದ ಪೊದೆ. ನೇರಳೆ ಜಾತಿಯ ಮರಗಳು ತೇವದ ಮಡಿಲಿಗಷ್ಟೇ. ಇದು ರಾಷ್ಟ್ರೀಯ ಉದ್ಯಾನದ ನೆಲವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಗಿಡವನ್ನೂ ನೆಡುವಂತಿಲ್ಲ.