ಓದುಗರ ಪ್ರಶ್ನೆ: ಗೇಮ್‌ನ ಹೆಣ್ಣು ಪಾತ್ರ, ಉಡುಪು ಮತ್ತು ಕ್ಯಾಮೆರಾ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ವಿಡಿಯೊ ಗೇಮ್‌ಗಳು ಹೆಣ್ಣನ್ನು ತೋರಿಸುವ ರೀತಿಯ ಬಗ್ಗೆಯೇ ಹೆಚ್ಚು ಪತ್ರಗಳಿವೆ. ಆಯ್ದ ಐದಕ್ಕೆ ನಮ್ಮ ಗೇಮ್ ವಿಭಾಗದವರ ಉತ್ತರ ಇಲ್ಲಿದೆ.

ಬೇಲೂರಿನ ಮದನಿಕೆಯರ ಮೈಮೇಲೆ ಒಡವೆಯೇ ಹೆಚ್ಚು, ಬಟ್ಟೆ ಕಡಿಮೆ. ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆತಂದು ಅದನ್ನು ತೋರಿಸುತ್ತೇವೆ. ಗೇಮ್‌ನಲ್ಲಿ ಅಷ್ಟೇ ಬಟ್ಟೆ ತೊಟ್ಟ ಹೆಣ್ಣು ಬಂದರೆ ಅಶ್ಲೀಲ ಎನ್ನುತ್ತೇವೆ. ಇದು ಇಬ್ಬಗೆಯ ನ್ಯಾಯವಲ್ಲವೇ? (ಶಿಕ್ಷಕರು, ಬೇಲೂರು)

ಬಟ್ಟೆಯ ಅಳತೆಯನ್ನೇ ಹಿಡಿದು ಕೂತರೆ ಖಂಡಿತ ಇಬ್ಬಗೆಯ ನ್ಯಾಯವೇ. ಅದಕ್ಕೇ ಆ ಅಳತೆಯನ್ನು ಕೈಬಿಡಬೇಕು ಎನ್ನುತ್ತೇವೆ.

1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲದ ಮದನಿಕೆಯರನ್ನು ಒಬ್ಬೊಬ್ಬರಾಗಿ ನೋಡಿ. ಒಬ್ಬಳ ಕೈಯಲ್ಲಿ ಕನ್ನಡಿ, ಇನ್ನೊಬ್ಬಳ ಕೈಮೇಲೆ ಗಿಳಿ. ಒಬ್ಬಳು ಬೇಟೆಗೆ ಬಿಲ್ಲೆತ್ತಿದ್ದರೆ ಮತ್ತೊಬ್ಬಳು ವಾದ್ಯ ನುಡಿಸುತ್ತಿದ್ದಾಳೆ. ಸೊಂಟ ಯಾಕೆ ಹಾಗೆ ಬಾಗಿದೆ, ಭುಜ ಯಾಕೆ ಹಾಗೆ ಏರಿದೆ ಎಂದು ಕೇಳಿದರೆ ಅವಳು ಮಾಡುತ್ತಿರುವ ಕೆಲಸವೇ ಉತ್ತರ ಕೊಡುತ್ತದೆ. ಕಪಿ ಸೀರೆ ಎಳೆಯುವ ಮದನಿಕೆಯೂ ಅಲ್ಲಿದ್ದಾಳೆ, ಶೃಂಗಾರ ಅಲ್ಲಿ ಬೇಕೆಂದೇ ಇದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಈಗ ಗೇಮ್‌ಗೆ ಬನ್ನಿ. ಟೀಕೆಯ ತಿರುಳು ಮೈ ಕಾಣುವುದಲ್ಲ, ಮೈಗೂ ಕಥೆಗೂ ಸಂಬಂಧ ತಪ್ಪುವುದು. ಸತ್ತ ಗೆಳೆಯನ ಬಗ್ಗೆ ಪಾತ್ರ ಮಾತಾಡುತ್ತಿರುವಾಗ ಕ್ಯಾಮೆರಾ ಅವಳ ಸೊಂಟದ ಹಿಂದಿನಿಂದ ಏರಿ ಬಂದರೆ, ಆ ನೋಟ ಕಥೆಗೆ ಸೇರಿದ್ದಲ್ಲ. ಯಾರೋ ಕುಳಿತು ಹಾಗೆ ಇಟ್ಟದ್ದು. 2015ರ ‘ಮೆಟಲ್ ಗೇರ್ ಸಾಲಿಡ್ 5’ರ ಕ್ವಯೆಟ್ ಎಂಬ ಸ್ನೈಪರ್ (ದೂರದಿಂದ ಗುರಿಯಿಟ್ಟು ಗುಂಡು ಹೊಡೆಯುವವಳು) ಬಿಕಿನಿಯಲ್ಲೇ ಯುದ್ಧಕ್ಕೆ ಬರುತ್ತಾಳೆ. ಅವಳು ಚರ್ಮದ ಮೂಲಕ ಉಸಿರಾಡುತ್ತಾಳೆ, ಬಟ್ಟೆ ತೊಟ್ಟರೆ ಉಸಿರುಗಟ್ಟುತ್ತದೆ ಎಂದು ಕಥೆ ಕಾರಣ ಕೊಡುತ್ತದೆ. ಅದೇ ಸರಣಿಯ 2004ರ ಗೇಮ್‌ನಲ್ಲಿ ಬಿಸಿಲನ್ನೇ ಆಹಾರ ಮಾಡಿಕೊಂಡ ಮುದುಕ ಸ್ನೈಪರ್ ಒಬ್ಬನಿದ್ದಾನೆ, ಅವನು ಮೈತುಂಬ ಬಟ್ಟೆ ತೊಟ್ಟೇ ಕಾದಾಡುತ್ತಾನೆ. ಕಾರಣವನ್ನು ಉಡುಪಿಗಾಗಿ ಹೊಸೆದದ್ದು ಇಲ್ಲಿ ತಿಳಿಯುತ್ತದೆ. ಇದಕ್ಕೆ ಎದುರಾಗಿ 2009ರ ‘ಬಯೊನೆಟ್ಟಾ’ ಇದೆ. ಪಾತ್ರವನ್ನು ವಿನ್ಯಾಸ ಮಾಡಿದವರು ಮಾರಿ ಶಿಮಾಝಾಕಿ ಎಂಬ ಮಹಿಳೆ. ಆ ಠೀವಿ, ಆ ಬಿಂಕ ಎಲ್ಲ ಪಾತ್ರದ ಸ್ವಭಾವವೇ ಎಂದು ಮೆಚ್ಚುವ ಹೆಂಗಸರೂ ಇದ್ದಾರೆ, ಕ್ಯಾಮೆರಾ ಅತಿಯಾಯಿತು ಎನ್ನುವವರೂ ಇದ್ದಾರೆ. ಎರಡೂ ಕಡೆ ಮಾತಿನಲ್ಲಿ ತೂಕವಿದೆ, ನಮ್ಮ ಒಲವು ಮೊದಲನೆಯದರ ಕಡೆಗೆ.

‘ಸ್ಟೆಲ್ಲರ್ ಬ್ಲೇಡ್’ ಗೇಮ್‌ನಲ್ಲಿ ಬಿಡುಗಡೆಯ ದಿನವೇ ನಾಯಕಿಯ ಉಡುಪು ಬದಲಿಸಿದರಂತೆ. ಇದು ಸೆನ್ಸಾರ್ ಅಲ್ಲವೇ? ದೂರುವವರ ಮಾತಿಗೆ ತಲೆಬಾಗಿ ಕಲಾವಿದರ ಕೈ ಕಟ್ಟುವುದು ಸರಿಯೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಇಲ್ಲಿ ಎರಡು ದೂರುಗಳು ಕಲೆತುಹೋಗಿವೆ. ಕೊರಿಯಾದ ಶಿಫ್ಟ್ ಅಪ್ ಕಂಪನಿಯ ಈ ಗೇಮ್ ಪ್ಲೇಸ್ಟೇಷನ್ 5ಕ್ಕೆ ಬಂದದ್ದು 2024ರ ಏಪ್ರಿಲ್ 26ರಂದು. ಎಲ್ಲ ದೇಶಗಳಿಗೂ ಕತ್ತರಿ ಹಾಕದ ಒಂದೇ ಆವೃತ್ತಿ ಎಂದು ಮೊದಲು ಪ್ರಚಾರ ಮಾಡಿದರು. ಮೊದಲ ದಿನದ ಅಪ್‌ಡೇಟ್‌ನಲ್ಲಿ ನಾಯಕಿ ಈವ್‌ಳ ಕೆಲವು ಉಡುಪುಗಳ ಎದೆ, ಸೊಂಟದ ಭಾಗ ಮುಚ್ಚಿಕೊಂಡವು. ತಮಗೆ ಬೇಕಾಗಿದ್ದ ಅಂತಿಮ ರೂಪ ಇದೇ ಎಂದು ನಿರ್ದೇಶಕ ಕಿಮ್ ಹ್ಯುಂಗ್-ಟೇ ಹೇಳಿದರು. ಹಳೆಯದನ್ನು ಮರಳಿಸಿ ಎಂದು ಅಭಿಮಾನಿಗಳು ಆನ್‌ಲೈನ್ ಅರ್ಜಿ ಹಾಕಿದರು. ಹಣ ಕೊಟ್ಟವರಿಗೆ ಹೇಳಿದ್ದೊಂದು, ಸಿಕ್ಕಿದ್ದೊಂದು ಎಂಬುದು ಗ್ರಾಹಕರ ದೂರು, ಅದು ನ್ಯಾಯವಾದದ್ದೇ. ಡಿಸ್ಕ್ ಇರುವವರು ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿದರೆ ಹಳೆಯ ರೂಪ ಉಳಿಯುತ್ತದೆ, ಆದರೆ ದೋಷ ನಿವಾರಣೆಯೂ ಆಮೇಲೆ ಸೇರಿಸಿದ ಭಾಗಗಳೂ ಸಿಗುವುದಿಲ್ಲ.

ಸೆನ್ಸಾರ್ ಎಂಬ ಮಾತನ್ನು ಮಾತ್ರ ಅಳೆದು ಬಳಸಿ. ಸರ್ಕಾರ ತಡೆದರೆ ಒಂದು, ಗೇಮ್ ಮಾರುವ ವೇದಿಕೆ ತನ್ನ ನಿಯಮ ಹೇರಿದರೆ ಇನ್ನೊಂದು, ತಯಾರಕರು ತಾವೇ ಮನಸ್ಸು ಬದಲಿಸಿದರೆ ಮತ್ತೊಂದು. 2016ರ ಮಾರ್ಚ್‌ನಲ್ಲಿ ‘ಓವರ್‌ವಾಚ್’ ಇನ್ನೂ ಪರೀಕ್ಷಾ ಹಂತದಲ್ಲಿದ್ದಾಗ ಆಟಗಾರರೊಬ್ಬರು ಟ್ರೇಸರ್ ಎಂಬ ಪಾತ್ರದ ಗೆಲುವಿನ ಭಂಗಿಯೊಂದನ್ನು ಪ್ರಶ್ನಿಸಿದರು. ಹಿಂಭಾಗ ತೋರಿಸಿ ತಿರುಗಿ ನೋಡುವ ಭಂಗಿ ಅದು. ಮೋಹಿನಿಯಂತೆ ರೂಪಿಸಿದ ವಿಡೋಮೇಕರ್ ಎಂಬ ಇನ್ನೊಂದು ಪಾತ್ರಕ್ಕೆ ಅದು ಒಪ್ಪುತ್ತದೆ, ತುಂಟಿ, ಚುರುಕಿನ ಟ್ರೇಸರ್‌ಗೆ ಒಪ್ಪುವುದಿಲ್ಲ ಎಂಬುದು ಅವರ ವಾದ. ನಿರ್ದೇಶಕ ಜೆಫ್ ಕಪ್ಲಾನ್ ಒಪ್ಪಿ ಅದನ್ನು ತೆಗೆಸಿದರು. ಬದಲಿಗೆ ಬಂದದ್ದೂ ಹಳೆಯ ಪಿನ್-ಅಪ್ ಚಿತ್ರಗಳ (ಗೋಡೆಗೆ ಅಂಟಿಸುವ ಬೆಡಗಿಯರ ಚಿತ್ರಗಳ) ಧಾಟಿಯದೇ, ಆದರೆ ಪಾತ್ರದ ತುಂಟತನ ಅದರಲ್ಲಿತ್ತು. ಟೀಕೆ ಕೇಳಿ ಕಲಾವಿದರು ಕೆಲಸವನ್ನು ಇನ್ನಷ್ಟು ಹದಗೊಳಿಸಿದ ಉದಾಹರಣೆ ಇದು, ಕೈ ಕಟ್ಟಿದ್ದಲ್ಲ.

ಹಣದ ದಾರಿಯನ್ನೂ ಗಮನಿಸಿ. ಇದೇ ಶಿಫ್ಟ್ ಅಪ್‌ನ ‘ನಿಕ್ಕೆ’ 2022ರ ನವೆಂಬರ್‌ನಲ್ಲಿ ಮೊಬೈಲ್‌ಗೆ ಬಂತು. ಆಡಲು ದುಡ್ಡಿಲ್ಲ. ಪಾತ್ರಗಳನ್ನು ಲಾಟರಿಯಂತೆ ಎತ್ತಬೇಕು, ಉಡುಪುಗಳನ್ನು ಕೊಳ್ಳಬೇಕು. ಗುಂಡು ಹಾರಿಸುವಾಗ ಕ್ಯಾಮೆರಾ ಹುಡುಗಿಯ ಬೆನ್ನ ಹಿಂದೆಯೇ ನಿಲ್ಲುತ್ತದೆ, ಮೈ ಅಲುಗುತ್ತಲೇ ಇರುತ್ತದೆ. ಪಾತ್ರವೇ ಮಾರಾಟದ ಸರಕಾದಾಗ ವಿನ್ಯಾಸ ಆ ಕಡೆಗೇ ವಾಲುತ್ತದೆ.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಲೆನಾಡಿನ ಬಿಲ್ಲುಗಾರ್ತಿಯೊಬ್ಬಳ ಪಾತ್ರ ಮಾಡುತ್ತಿದ್ದೇನೆ, ಮೊಬೈಲ್ ಗೇಮ್‌ಗೆ. ಚೆಂದವೂ ಇರಬೇಕು, ಅಗ್ಗದ ಪ್ರದರ್ಶನ ಆಗಬಾರದು. ಎಲ್ಲಿ ಎಚ್ಚರ ವಹಿಸಬೇಕು? (ಅನಿಮೇಷನ್ ವಿದ್ಯಾರ್ಥಿನಿ, ಸಕಲೇಶಪುರ)

ಪಾತ್ರದ 3ಡಿ ಆಕಾರ ಕಟ್ಟುವ ಮಾಡೆಲಿಂಗ್‌ಗೆ ಮುಂಚೆ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಅವಳು ಏನು ಮಾಡುತ್ತಾಳೆ, ಎಲ್ಲಿ ಓಡಾಡುತ್ತಾಳೆ, ಏನು ಹೊರುತ್ತಾಳೆ, ಯಾರಿಗೆ ಹೆದರುತ್ತಾಳೆ. ಮಳೆ, ಜಿಗಣೆ, ಮುಳ್ಳುಪೊದೆ ಇರುವ ಕಾಡಿನಲ್ಲಿ ಬರಿ ತೊಡೆ ತೋರಿಸಿಕೊಂಡು ಯಾರೂ ಓಡಾಡುವುದಿಲ್ಲ, ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಮೇಲೆ ಗೇಮ್‌ನ ಎಲ್ಲ ಪಾತ್ರಗಳನ್ನೂ 64 ಪಿಕ್ಸೆಲ್ ಎತ್ತರಕ್ಕೆ ಇಳಿಸಿ ಪೂರ್ತಿ ಕಪ್ಪು ತುಂಬಿ ಸಾಲಾಗಿ ನಿಲ್ಲಿಸಿ. ಗಂಡಸರಲ್ಲಿ ದಪ್ಪ, ಸಣ್ಣ, ಗೂನು ಎಲ್ಲ ಇದ್ದು ಹೆಂಗಸರೆಲ್ಲ ಒಂದೇ ಅಚ್ಚಿನಲ್ಲಿ ಕಂಡರೆ ತಪ್ಪು ಅಲ್ಲೇ ಶುರುವಾಗಿದೆ.

ಉಡುಪಿಗೆ ಕಚ್ಚೆ ಸೀರೆ ಒಳ್ಳೆಯ ಆಯ್ಕೆ, ಕಾಲು ಬಿಡುವಾಗಿ ಆಡುತ್ತದೆ. ಮೊಬೈಲ್‌ನಲ್ಲಿ ಪೂರ್ತಿ ಬಟ್ಟೆಯ ಅಲುಗಾಟವನ್ನು ಲೆಕ್ಕ ಹಾಕುವ ಸಿಮ್ಯುಲೇಷನ್ ಭಾರವಾಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಳಿಬಿಟ್ಟ ತುದಿಗೆ ಮಾತ್ರ ನಾಲ್ಕೈದು ಬೋನ್ (ಮಾಡೆಲನ್ನು ಅಲುಗಿಸುವ ಒಳಗಿನ ಮೂಳೆ) ಕೊಡಿ. ಬಟ್ಟೆಯ ಒಳಗೆ ಮುಚ್ಚಿಹೋಗುವ ಮೈಯ ಮೆಶ್ (ಮೇಲ್ಮೈ ರೂಪಿಸುವ ಬಲೆ) ಅಳಿಸಿಬಿಡಿ. ಉಳಿಸಿಕೊಂಡರೆ ಕಾಲು ಮಡಚಿದಾಗ ಚರ್ಮ ಬಟ್ಟೆ ಸೀಳಿ ಹೊರಗೆ ಇಣುಕುತ್ತದೆ. ಎದೆಕವಚ ಹಾಕುವುದಾದರೆ ಎರಡು ಬಟ್ಟಲಿನಂತೆ ಮಾಡಬೇಡಿ, ನಡುವಿನ ತಗ್ಗು ಬಂದ ಏಟನ್ನು ನೇರ ಎದೆಮೂಳೆಗೆ ಜಾರಿಸುತ್ತದೆ. ಹೊರಕ್ಕೆ ಉಬ್ಬಿದ ಒಂದೇ ಫಲಕ ಏಟನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಕವಚದ ವರ್ಟೆಕ್ಸ್‌ಗಳಿಗೆ (ಮೆಶ್‌ನ ಬಿಂದುಗಳಿಗೆ) ಎದೆಯ ಬೋನ್‌ನ ವೇಟ್, ಅಂದರೆ ಹಿಡಿತ, ಪೂರ್ತಿ 1.0 ಇರಲಿ. ಅರ್ಧ ವೇಟ್ ಬೇರೆ ಬೋನ್‌ಗೆ ಹೋದರೆ ಕಬ್ಬಿಣ ರಬ್ಬರಿನಂತೆ ಕುಣಿಯುತ್ತದೆ.

ಎದೆಗೆ ತಾನಾಗಿ ಅಲುಗುವ ಸ್ಪ್ರಿಂಗ್ ಬೋನ್ ಹಾಕುವುದೇ ತಪ್ಪಲ್ಲ, ಮೈಯೆಂದ ಮೇಲೆ ಚಲನೆ ಇರುತ್ತದೆ. ಅಲುಗಾಟವನ್ನು ತಗ್ಗಿಸುವ ಡ್ಯಾಂಪಿಂಗ್ ಕಡಿಮೆ ಇಟ್ಟಾಗ ಕೆಡುತ್ತದೆ: ಪಾತ್ರ ನಿಂತ ಮೇಲೂ ಎದೆ ತೂಗಾಡುತ್ತಿರುತ್ತದೆ. ಲೆಕ್ಕಾಚಾರ ಫ್ರೇಮ್ ರೇಟ್‌ಗೆ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ) ಅಂಟಿಕೊಂಡಿದ್ದರೆ ಅಗ್ಗದ ಫೋನ್‌ನಲ್ಲಿ ಇನ್ನೂ ವಿಪರೀತ, ಆದ್ದರಿಂದ ಸಮನಾದ ಸಮಯದ ಅಂತರದಲ್ಲಿ ಲೆಕ್ಕ ನಡೆಸಿ. ಬಿಲ್ಲುಗಾರ್ತಿ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿರುತ್ತಾಳೆ, ಇಲ್ಲದಿದ್ದರೆ ಬಿಲ್ಲಿನ ಹೆದೆ ತಗಲುತ್ತದೆ. ಹಾಗಾಗಿ ನಿಮ್ಮ ಪಾತ್ರಕ್ಕೆ ಆ ಬೋನ್ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾಗೆ ಕೊಡಿ. ಬೆನ್ನ ಹಿಂದಿನ ಕ್ಯಾಮೆರಾ ಭುಜದ ಎತ್ತರದಲ್ಲಿ, ಸುಮಾರು 1.4 ಮೀಟರ್‌ನಲ್ಲಿ ನಿಲ್ಲಲಿ. ಗೋಡೆಗೆ ತಗಲಿದಾಗ ಅನೇಕ ಗೇಮ್‌ಗಳಲ್ಲಿ ಕ್ಯಾಮೆರಾ ಕೆಳಕ್ಕೆ ಜಾರಿ ಕಾಲಿನ ನಡುವಿನಿಂದ ಮೇಲೆ ನೋಡುತ್ತದೆ. ಕೆಳಗಿನಿಂದ ನೋಡುವ ಕೋನಕ್ಕೆ ಮಿತಿ ಹಾಕಿ, ತೀರಾ ಹತ್ತಿರ ಬಂದಾಗ ಪಾತ್ರ ಮಸುಕಾಗುವಂತೆ ಮಾಡಿ. ಪಾತ್ರ ಆಯ್ಕೆಯ ಪರದೆಯಲ್ಲೂ ಕ್ಯಾಮೆರಾ ಮುಖದ ಎತ್ತರದಿಂದಲೇ ಶುರುವಾಗಲಿ. ಕೊನೆಗೊಂದು ಪರೀಕ್ಷೆ: ಅವಳು ಸುಮ್ಮನೆ ನಿಂತಿರುವಾಗಿನ ಅನಿಮೇಷನ್ ಅನ್ನು ಗಂಡು ಪಾತ್ರದ ರಿಗ್‌ಗೆ (ಬೋನ್‌ಗಳ ಚೌಕಟ್ಟಿಗೆ) ಹಾಕಿ ನೋಡಿ. ನಗು ಬಂದರೆ ಆ ನಿಲುವು ಬಿಲ್ಲುಗಾರರದ್ದಲ್ಲ. ಹೇಗಿರಬೇಕು ಎಂಬುದಕ್ಕೆ ಬೇಲೂರಿನ ಬೇಟೆಗಾರ್ತಿಯ ಮೈಭಾರ ಯಾವ ಕಾಲಿನ ಮೇಲಿದೆ ಎಂದು ಸ್ಕೆಚ್ ಮಾಡಿಕೊಂಡು ಬನ್ನಿ. ನಮ್ಮಲ್ಲೇ ಹೀಗೆ ಮಾಡಿದವರಿದ್ದಾರೆ: ಪುಣೆಯ ನೋಡಿಂಗ್ ಹೆಡ್ಸ್ ತಂಡದ 2020ರ ‘ರಾಜಿ’ ಗೇಮ್‌ನ ನಾಯಕಿ ತಮ್ಮನನ್ನು ಹುಡುಕಿ ಹೊರಟ ಹುಡುಗಿ. ಅವಳ ಉಡುಪು, ಜಿಗಿತ ಎಲ್ಲವೂ ಆ ಕೆಲಸಕ್ಕೆ ತಕ್ಕಂತಿವೆ.

ಇಂಥ ಗೇಮ್ ಆಡಿದರೆ ಹುಡುಗರು ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುತ್ತಾರೆಂದು ಸಾಬೀತಾಗಿದೆಯೇ? (ಓದುಗರು, ಕಡೂರು)

ಇಲ್ಲ. 18 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2022ರ ವಿಶ್ಲೇಷಣೆಯಲ್ಲಿ ಅಂಥ ಗಮನಾರ್ಹ ಪರಿಣಾಮ ಕಂಡುಬರಲಿಲ್ಲ. ಆದರೆ ಮಾದಕವಾಗಿ ಉಡುಪು ತೊಟ್ಟ ಅವತಾರದ, ಅಂದರೆ ತಾವು ನಡೆಸುವ ಪಾತ್ರದ, ಮೈಯೊಳಗೆ ತಮ್ಮನ್ನು ಕಂಡುಕೊಂಡ ಮಹಿಳೆಯರಲ್ಲಿ ತಮ್ಮ ದೇಹದ ಬಗೆಗಿನ ಯೋಚನೆ ಹೆಚ್ಚಾಯಿತೆಂದು 2013ರ ಒಂದು ಪ್ರಯೋಗ ತೋರಿಸಿದೆ. ಆಡುವ ಹುಡುಗಿಯರಿಗೆ ಹೇಗನ್ನಿಸುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಅಪರಾಧ ಸಾಬೀತಾಗಲೇಬೇಕು ಎಂದೇನಿಲ್ಲ.

ತೋಟದ ಮನೆ, ಹನ್ನೆರಡರ ಮಗ ನನ್ನ ಫೋನ್‌ನಲ್ಲೇ ಆಡುತ್ತಾನೆ. ಇಂಥ ಗೇಮ್ ಬಾರದಂತೆ ತಡೆಯುವುದು ಹೇಗೆ? ಸರ್ಕಾರದ ಸರ್ಟಿಫಿಕೇಟ್ ಇರುತ್ತದೆಯೇ? (ಗೃಹಿಣಿ, ಮೂಡಿಗೆರೆ)

ಸಿನಿಮಾಕ್ಕೆ ಕೊಡುವ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಗೇಮ್‌ಗಳಿಗಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕಾಣುವ 3+, 7+, 12+, 16+, 18+ ಗುರುತುಗಳು ತಯಾರಕರು ತುಂಬಿದ ಪ್ರಶ್ನಾವಳಿಯ ಮೇಲೆ ಬರುವಂಥವು.

ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಆನ್ ಮಾಡಿ. ಮಗನಿಗೆ ಗೊತ್ತಿಲ್ಲದ ಪಿನ್ ಇಡಿ, ಫೋನ್ ತೆರೆಯುವ ಪಿನ್ ಬೇಡ. ಆ್ಯಪ್ಸ್ ಮತ್ತು ಗೇಮ್ಸ್‌ನಲ್ಲಿ 12+ ಅಥವಾ 7+ ಆರಿಸಿ ಸೇವ್ ಮಾಡಿ. ಈಗಾಗಲೇ ಇನ್‌ಸ್ಟಾಲ್ ಆದ ಗೇಮ್‌ಗಳು ಇದರಿಂದ ಹೋಗುವುದಿಲ್ಲ, ನೀವೇ ನೋಡಿ ಅಳಿಸಬೇಕು. ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಎಪಿಕೆ ಫೈಲ್‌ಗೂ (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್) ಈ ತಡೆ ತಾಗುವುದಿಲ್ಲ. ಅದಕ್ಕೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ ಕ್ರೋಮ್, ವಾಟ್ಸ್ಆ್ಯಪ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆಯಿರಿ. ಗೇಮ್‌ನೊಳಗೆ ಉಡುಪು, ಲಾಟರಿ ಪೆಟ್ಟಿಗೆ ಕೊಳ್ಳುವುದನ್ನು ತಡೆಯಲು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ.

ಎಷ್ಟೋ ಸಲ ಗೇಮ್ ಸಭ್ಯವಾಗಿರುತ್ತದೆ, ನಡುವೆ ಬರುವ ಜಾಹೀರಾತು ಅಲ್ಲ. ನೆಟ್ ಬೇಡದ ಗೇಮ್ ಆದರೆ ಡೇಟಾ, ವೈಫೈ ಆಫ್ ಮಾಡಿ ಕೊಡಿ, ಜಾಹೀರಾತು ಬರುವುದು ಬಹುಪಾಲು ನಿಲ್ಲುತ್ತದೆ. ಅಪರಿಚಿತರೊಂದಿಗೆ ಚಾಟ್ ಇರುವ ಗೇಮ್‌ಗಳಲ್ಲಿ ವಯಸ್ಸಿನ ಗುರುತು ಚಾಟ್‌ನ ಮಾತುಗಳಿಗೆ ಅನ್ವಯಿಸುವುದಿಲ್ಲ, ಗೇಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಚಾಟ್ ಮತ್ತು ವಾಯ್ಸ್ ಎರಡನ್ನೂ ಆಫ್ ಮಾಡಿಯೇ ಮಗನ ಕೈಗೆ ಕೊಡಿ.